ಸ್ಥಳದಲ್ಲಿ ಹಳ್ಳ ಕಂಡುಬರುವುದಿಲ್ಲ: ವಿಜಯಪುರ ಸೀಮೆಯ ಒಂದು ಕೆರೆಯ ಪ್ರಕರಣ

2016ರ ಮೇ ತಿಂಗಳಲ್ಲಿ ಆ ಹೊಲ ಅಳೆದವನು ನಾನೇ. ಪರವಾನಗಿ ಭೂಮಾಪಕನಾಗಿ ಆಗ ನನಗೆ ಆರನೇ ವರ್ಷ. ಕೆರೆಯ ಕೋಡಿಯ ಕೆಳಗೆ ಎಂಟು ಎಕರೆ ಚಿಲ್ಲರೆ ಜಮೀನು. ಅದಕ್ಕೆ 11-ಇ ನಕ್ಷೆ, ಅಂದರೆ ಮಾರಾಟಕ್ಕೆ ಮೊದಲು ಮಾಡಿಸಬೇಕಾದ ಅಳತೆಯ ನಕ್ಷೆ, ಬೇಕಾಗಿತ್ತು. ಖರೀದಿ ಮುಗಿದ ಮೇಲೆ ಬಿನ್‌ಶೇತ್ಕಿ (ಕೃಷಿಯೇತರ) ಮಾಡಿಸಿ ಪ್ಲಾಟ್ ಹಾಕುವ ಲೆಕ್ಕ ಕೊಳ್ಳುವವರದು. ಹಳೆಯ ಸರ್ವೆಯ ಕೈನಕ್ಷೆಯಾದ ಟಿಪ್ಪಣಿಯಲ್ಲಿ ಜಮೀನಿನ ನಟ್ಟನಡುವೆ ಎರಡು ಗೆರೆ ಎಳೆದು ಹಳ್ಳ ಎಂದು ಬರೆದಿತ್ತು. ಸ್ಥಳಕ್ಕೆ ಹೋಗಿ ನೋಡಿದರೆ ಬಾಯಿಬಿಟ್ಟ ಕಪ್ಪು ಎರಿ ಮಣ್ಣು, ತೊಗರಿ ಕೂಳೆ, ನಡುವೆ ಮೊಣಕಾಲಿಗೂ ಬಾರದ ಒಂದು ತಗ್ಗು. ಷರಾ ಬರೆಯುವ ಜಾಗದಲ್ಲಿ "ದಾಖಲೆ ಪ್ರಕಾರ ಹಳ್ಳವಿದ್ದು, ಸ್ಥಳದಲ್ಲಿ ಹಳ್ಳ ಕಂಡುಬರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಅಂದಿನ ಮಟ್ಟಿಗೆ ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಲ್ಕು ವರ್ಷ ಐದು ತಿಂಗಳಾದ ಮೇಲೆ ಅದೇ ತಗ್ಗಿನಲ್ಲಿ ಸೊಂಟಮಟ್ಟ ನೀರು ಹರಿಯಿತು.

ಊರಿನ ಹೆಸರು ಇಲ್ಲಿ ಬೇಡ. ತಂಟೆ ಇನ್ನೂ ಮುಗಿದಿಲ್ಲ, ನನ್ನ ಸಹಿಯ ಕಾಗದವೂ ಕಡತದಲ್ಲಿದೆ. ವಿಜಯಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ. ಊರು ಮಡ್ಡಿಯ, ಅಂದರೆ ಕಲ್ಲುನೆಲದ ದಿಬ್ಬದ, ಇಳಿಜಾರಿನಲ್ಲಿ ಕೂತಿದೆ, ಊರ ನೀರು ಕೊನೆಗೆ ಡೋಣಿ ಹೊಳೆ ಸೇರುತ್ತದೆ. ಇಷ್ಟು ಸಾಕು.

ಪೈಪು ಬರುವ ಮೊದಲು

ಕೆರೆ ಎಷ್ಟು ಹಳೆಯದು ಎಂದು ಹೇಳುವ ಶಾಸನವಿಲ್ಲ. ಒಡ್ಡಿನ ಒಳಮೈಗೆ ಕಲ್ಲು ಹೊದಿಸಿದ್ದಾರೆ, ತೂಬಿನ ಎರಡು ಕಂಬ ಇನ್ನೂ ನೆಟ್ಟಗಿವೆ, ಕೋಡಿಯನ್ನು ಬಂಡೆ ನೋಡಿಯೇ ಬಿಟ್ಟಿದ್ದಾರೆ. ತುಂಬಿದಾಗ ಸುಮಾರು 60 ಎಕರೆ ನೀರು. ಮೇಲಿನ ಮಡ್ಡಿಯಿಂದ, ಅಂದಾಜು 8 ಚದರ ಕಿಲೋಮೀಟರ್ ಹರವಿನಿಂದ, ಎರಡು ಹಳ್ಳ ಬಂದು ಕೂಡುತ್ತವೆ. ಒಂದು ದೊಡ್ಡಹಳ್ಳ, ಇನ್ನೊಂದು ಜಾಲಿಹಳ್ಳ.

ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ತುಸು ಕಡಿಮೆ. ಬೇರೆ ಕಡೆ ಜುಲೈಯಲ್ಲಿ ಮಳೆಗಾಲ ಮೆರೆದರೆ ನಮ್ಮಲ್ಲಿ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಉತ್ತರಿ, ಹಸ್ತ, ಬಿದ್ದರೆ ಚಿತ್ತಿ ನಕ್ಷತ್ರದ ಮಳೆ. ಎರಿ ಭೂಮಿಯ ಸ್ವಭಾವವೂ ಇದಕ್ಕೆ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದ ನೆಲ ಮೊದಲ ಮಳೆಗಳನ್ನೆಲ್ಲ ಒಳಗೇ ನುಂಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ನೀರು ನಿಲ್ಲದೆ ಓಡುತ್ತದೆ. ಹಾಗಾಗಿ ಈ ಕಡೆಯ ಕೆರೆಗಳು ತುಂಬುತ್ತಿದ್ದದ್ದು ಮೃಗಶಿರಕ್ಕಲ್ಲ, ಉತ್ತರಿ-ಹಸ್ತಕ್ಕೆ. ನಾಲ್ಕು ತಿಂಗಳು ಬಾಯಾರಿ, ಮೂರು ವಾರದಲ್ಲಿ ಕುಡಿದು ಮುಗಿಸುವ ಕೆರೆಗಳು ಇವು. ಹಳ್ಳ, ಕೋಡಿ ಎರಡೂ ಅಗಲವಾಗಿದ್ದದ್ದಕ್ಕೆ ಕಾರಣ ಇದೇ. ವರ್ಷದ ಬಹುಪಾಲು ಒಣಗಿರುವ ಹಳ್ಳವನ್ನು ಅಷ್ಟು ಅಗಲ ಯಾಕೆ ಬಿಡಬೇಕು ಎಂದು ಮೇ ತಿಂಗಳಲ್ಲಿ ನೋಡಿದವನಿಗೆ ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು.

ಕೆರೆ ಬತ್ತಿದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಜಲಾನಯನದ ಕೆಲಸಗಳಲ್ಲಿ ಮೇಲಿನ ಹೊಲಗಳಿಗೆಲ್ಲ ಒಡ್ಡು ಬಿದ್ದವು, ಚೆಕ್‌ಡ್ಯಾಂ ಬಂದವು, ಆಮೇಲೆ ಕೃಷಿ ಹೊಂಡಗಳು. ಒಂದೊಂದೂ ಒಳ್ಳೆಯ ಕೆಲಸವೇ. ಆದರೆ ಅಲ್ಲಿ ನಿಂತ ಪ್ರತಿ ಕೊಡ ನೀರೂ ಕೆರೆಯ ಪಾಲಿನದು. ಬೋರ್‌ವೆಲ್ಲುಗಳು ಹಳ್ಳದ ಒಳಹರಿವನ್ನೂ ಎಳೆದುಕೊಂಡವು. ಹತ್ತು-ಹನ್ನೆರಡು ವರ್ಷ ಕೆರೆ ಸರಿಯಾಗಿ ತುಂಬಲೇ ಇಲ್ಲ. ಅಂಗಳದಲ್ಲಿ ಪೀಕಜಾಲಿಯ ಮುಳ್ಳುಕಂಟಿ ಎದ್ದಿತು. ಅಂಚಿನ ಹೊಲದವರು ವರ್ಷಕ್ಕೊಂದು ಮಾರು ಒಳಗೆ ಸರಿದರು. ಇಪ್ಪತ್ತರ ಹುಡುಗರಿಗೆ ಕೆರೆ ಎಂದರೆ ಕ್ರಿಕೆಟ್ ಆಡುವ ಬಯಲು.

ನೀರು ಬಂತು, ದರವೂ ಬಂತು

ಆಲಮಟ್ಟಿ ಹಿನ್ನೀರಿನಿಂದ ನೀರೆತ್ತಿ ಜಿಲ್ಲೆಯ ಕೆರೆ ತುಂಬಿಸುವ ಯೋಜನೆಯಲ್ಲಿ ನಮ್ಮ ಕೆರೆಯೂ ಸೇರಿತು. 2018ರಲ್ಲಿ ಮೊದಲ ಸಲ ಪೈಪಿನ ಬಾಯಿಂದ ನೀರು ಬಿದ್ದ ದಿನ ಊರಿಗೆ ಊರೇ ಒಡ್ಡಿನ ಮೇಲಿತ್ತು. ಹೆಣ್ಣುಮಕ್ಕಳು ಬಾಗಿನ ಬಿಟ್ಟರು. ಬತ್ತಿದ ಬಾವಿಗಳಿಗೆ ಜೀವ ಬಂತು. ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡಿದ್ದವರು ಆ ವರ್ಷ ಟ್ಯಾಂಕರ್ ಕರೆಸಲಿಲ್ಲ. ಈ ಯೋಜನೆಯನ್ನು ದೂರುವವರ ಜೊತೆ ನಾನಿಲ್ಲ. 2016ರಲ್ಲಿ ಆ ನೆಲ ನೋಡಿದವನು ದೂರಲಾರ.

ವಿಜಯಪುರದವರಿಗೆ ದೂರದಿಂದ ನೀರು ತರುವುದು ಹೊಸ ವಿದ್ಯೆಯೂ ಅಲ್ಲ. ಆದಿಲ್‌ಶಾಹಿಗಳು ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಮೊಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ನೀರು ಹೋಗುತ್ತಿತ್ತು. ದಾರಿಯುದ್ದಕ್ಕೂ ನಿಂತ ಗಂಜ್ ಎಂಬ ನೀರಿನ ಗೋಪುರಗಳು ಕೊಳವೆಯ ಒತ್ತಡ ಇಳಿಸಿ ಹೂಳನ್ನು ಅಲ್ಲಲ್ಲೇ ತಡೆಯುತ್ತಿದ್ದವು. ಮಮದಾಪುರದ ಕೆರೆಗಳೂ ಅವನ ಕಾಲದವೇ. ಆದರೆ ಅವರ ನೀರು ಇಳಿಜಾರು ಹಿಡಿದು ಬರುತ್ತಿತ್ತು. ನಮ್ಮದು ಏರಿ ಬರುತ್ತದೆ. ಆಲಮಟ್ಟಿಯ ಈಗಿನ ತುಂಬು ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ನಮ್ಮ ಕೆರೆ ಅದಕ್ಕಿಂತ ಸುಮಾರು 80 ಮೀಟರ್ ಮೇಲಿದೆ. ಪೈಪಿನೊಳಗಿನ ಘರ್ಷಣೆ ಸೇರಿಸಿ 100 ಮೀಟರ್ ಎಂದು ಹಿಡಿಯಿರಿ. 60 ಎಕರೆಯಲ್ಲಿ ಒಂದು ಮೀಟರ್ ನೀರು ನಿಲ್ಲಿಸಬೇಕೆಂದರೆ ಸುಮಾರು 24 ಕೋಟಿ ಲೀಟರ್ ಬೇಕು. ಪಂಪಿನ ನಷ್ಟ ಲೆಕ್ಕ ಹಾಕಿದರೆ ಅದನ್ನು ಎತ್ತಲು 90 ಸಾವಿರ ಯೂನಿಟ್ಟಿಗೂ ಹೆಚ್ಚು ಕರೆಂಟು ಖರ್ಚು. ಇನ್ನೊಂದು ಕಡೆ, ಮೇಲಿನ ಮಡ್ಡಿಗೆ 20 ಮಿಲಿಮೀಟರಿನ ಒಂದು ಮಳೆ ಬಿದ್ದು ಅದರ ಕಾಲು ಭಾಗ ಹಳ್ಳಕ್ಕಿಳಿದರೂ ಕೆರೆ ಅರ್ಧ ಅಡಿ ಏರುತ್ತದೆ. ಕರೆಂಟಿಲ್ಲ, ಬಿಲ್ಲಿಲ್ಲ, ಯಾರಿಗೂ ಅರ್ಜಿ ಕೊಡಬೇಕಿಲ್ಲ. ಈ ಲೆಕ್ಕವನ್ನು ನಾನು ಮಾಡಿದ್ದು ತಡವಾಗಿ. 2018ರಲ್ಲಿ ಯಾರ ತಲೆಯಲ್ಲೂ ಇದಿರಲಿಲ್ಲ.

ಊರವರ ತಲೆಯಲ್ಲಿದ್ದದ್ದು ಬೇರೆ. ಜಾಲಿಹಳ್ಳದ ಬಾಯಲ್ಲಿ, ಕೆರೆಯಂಗಳಕ್ಕೆ ಹತ್ತಿದ ಹೊಲವೊಂದನ್ನು ಪಟ್ಟಣದವರೊಬ್ಬರು ಕೊಂಡು, "ಕೆರೆ ಕಾಣುವ" ಫಾರ್ಮ್‌ಹೌಸ್ ಪ್ಲಾಟು ಮಾಡಲು ಗರಸು ಮಣ್ಣು ಹೊಡೆಸಿ ಹಳ್ಳ ಸಮ ಮಾಡಿದರು. ಪಂಚಾಯ್ತಿ ಸದಸ್ಯರೊಬ್ಬರಿಗೆ ನಾನು ಮೆಲ್ಲಗೆ ಕೇಳಿದ್ದೆ. ಅವರು ನಕ್ಕರು. "ಪೈಪಿನ್ಯಾಗ ನೀರ ಬರಾಕತ್ತೈತಿ, ಇನ್ನ ಹಳ್ಳ ತಗೊಂಡ ಏನ ಮಾಡ್ತೀರಿ ಸಾಹೇಬ್ರ?"

ಇಡೀ ಪ್ರಕರಣದ ಗಂಟು ಈ ಮಾತಿನಲ್ಲಿದೆ. ಪೈಪು ಕೆರೆಗೆ ನೀರು ಕೊಟ್ಟಿತು. ಅದರ ಜೊತೆಗೆ ಕೆರೆಗೆ ಹಳ್ಳ ಬೇಕಿಲ್ಲ ಎಂಬ ನಂಬಿಕೆಯನ್ನೂ ಕೊಟ್ಟಿತು. ಬತ್ತಿದ ಕೆರೆಗೆ ನೀರು ತರುವ ಹಳ್ಳವನ್ನು ಯಾರೂ ಮುಟ್ಟುತ್ತಿರಲಿಲ್ಲ, ಆ ನೆಲಕ್ಕೆ ದರವೇ ಇರಲಿಲ್ಲ. ನೀರು ನಿಂತ ಮೇಲೆ ದಂಡೆಗೆ ದರ ಬಂತು. ದಂಡೆಗೆ ದರ ಬಂದ ಮೇಲೆ ಹಳ್ಳ ಅಡ್ಡ ಬಂತು.

ಕೋಡಿಯ ಕೆಳಗೆ ನಾನು ಅಳೆದಿದ್ದ ಜಮೀನಿನಲ್ಲಿ ಅಷ್ಟೊತ್ತಿಗೆ ಲೇಔಟ್ ಎದ್ದಿತ್ತು. ಹಳ್ಳದ ಮೇಲೆ ರಸ್ತೆ, ರಸ್ತೆಯಡಿ ಮೂರು ಅಡಿಯ ಎರಡು ಸಿಮೆಂಟ್ ಪೈಪು. ಹಳ್ಳದ ಪಾತ್ರದಲ್ಲಿ ಆರು ಪ್ಲಾಟು, ಅದರಲ್ಲಿ ಎರಡರ ಮೇಲೆ ಮನೆ.

ಚಿತ್ತಿ ಮಳೆ

2020ರ ಅಕ್ಟೋಬರ್ 13ರಂದು ಆಂಧ್ರ ಕರಾವಳಿ ಏರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂತು. ಆ ಸಲ ಭೀಮಾ ತೀರದ ಇಂಡಿ, ಸಿಂದಗಿ ಕಡೆಯ ಊರುಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಮಡ್ಡಿಯೂರುಗಳ ಕಥೆ ಸುದ್ದಿಗೆ ಬರಲಿಲ್ಲ.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ ಎನ್ನುವುದು ಹವಾಮಾನದ ಮೊದಲ ಪಾಠ. ಹಿಡಿದದ್ದನ್ನು ಬಿಡುವಾಗಲೂ ಒಮ್ಮೆಗೇ ಬಿಡುತ್ತದೆ. ನಡುವಿನ ಒಣ ದಿನಗಳು ಉದ್ದವಾಗುತ್ತವೆ, ಬಿದ್ದ ದಿನದ ಮಳೆ ಜೋರಾಗುತ್ತದೆ. ಕೆರೆ ಕಟ್ಟಿದವರು ಮೂರು ವಾರಕ್ಕೆಂದು ಇಟ್ಟ ಲೆಕ್ಕ ಈಗ ಮೂರು ದಿನಕ್ಕೆ ಬಂದು ನಿಂತಿದೆ.

ಅದಕ್ಕಿಂತ ದೊಡ್ಡ ತಪ್ಪು ನಮ್ಮ ವೇಳಾಪಟ್ಟಿಯದು. ಇದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ, ಹಾಗಾಗಿ ತುಸು ಬಿಡಿಸಿ ಹೇಳುತ್ತೇನೆ. ಕೃಷ್ಣೆ ತುಂಬುವುದು ಸಹ್ಯಾದ್ರಿಯ ಮಳೆಗೆ, ಜುಲೈ-ಆಗಸ್ಟಿನಲ್ಲಿ. ಹೊಳೆಯಲ್ಲಿ ನೀರು ಉಕ್ಕುವಾಗಲೇ ಪಂಪು ಓಡಿಸಬೇಕು, ಅದು ಸರಿಯೇ. ಹಾಗಾಗಿ ಪೈಪಿನ ನೀರು ನಮ್ಮ ಕೆರೆಯನ್ನು ಆಗಸ್ಟ್ ಕೊನೆಗೆ ಕೋಡಿಯ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಊರ ಮಳೆ ಶುರುವಾಗುವುದು ಅದರ ಮೇಲೆ. ಉತ್ತರಿ, ಹಸ್ತ, ಚಿತ್ತಿ ಬಂದಾಗ ಕೆರೆಯಲ್ಲಿ ಒಂದು ಗೇಣು ಜಾಗವೂ ಇರುವುದಿಲ್ಲ. ಸಹ್ಯಾದ್ರಿಯ ಪಂಚಾಂಗದಲ್ಲಿ ತುಂಬಿದ ಕೆರೆಯ ಮೇಲೆ ನಮ್ಮ ಪಂಚಾಂಗದ ಮಳೆ ಬೀಳುತ್ತದೆ. ಮೊದಲೆಲ್ಲ ಬರಿದಾದ ಕೆರೆ ದೊಡ್ಡ ಮಳೆಯನ್ನು ಹೊಟ್ಟೆಗೆ ಹಾಕಿಕೊಂಡು ಕೆಳಗಿನವರನ್ನು ಕಾಯುತ್ತಿತ್ತು. ಈಗ ಬಂದ ನೀರನ್ನೆಲ್ಲ ಹಾಗೇ ದಾಟಿಸುತ್ತದೆ.

ಆ ರಾತ್ರಿ ಕೋಡಿ ಬಿದ್ದ ನೀರು ಲೇಔಟಿನ ರಸ್ತೆಗೆ ಬಂದು ನಿಂತಿತು. ಎರಡು ಪೈಪಿನ ಬಾಯಿ ಸೇರಿ 14 ಚದರ ಅಡಿ. ಜಾಲಿ ಕಂಟಿ, ಪ್ಲಾಸ್ಟಿಕ್ ಚೀಲ ಬಂದು ಅವೂ ಕಟ್ಟಿದವು. ನೀರು ರಸ್ತೆಯ ಹಿಂದೆ ಏರಿ, ಪಕ್ಕಕ್ಕೆ ಸರಿದು, ಮನೆಗಳ ಹೊಸ್ತಿಲು ದಾಟಿತು. ಇತ್ತ ಕೋಡಿ ಬೇಗ ಬಿಡದೆ ಕೆರೆಯ ಮಟ್ಟವೂ ಏರಿ, ಒಡ್ಡಿನ ಹಿಂಬದಿಯಲ್ಲಿ ಒಂದು ಕಡೆ ಒಸರು ಕಾಣಿಸಿತು. ಜೋಳದ ಚೀಲಕ್ಕೆ ಮಣ್ಣು ತುಂಬಿ ಹುಡುಗರು ಬೆಳತನಕ ಒಟ್ಟಿದರು. ಜೆಸಿಬಿ ತಂದು ಒಡ್ಡನ್ನೇ ಒಂದು ಮೂಲೆಯಲ್ಲಿ ಕಡಿಯೋಣ ಎಂದವರೂ ಇದ್ದರು. ಕಡಿದಿದ್ದರೆ ಈ ಬರಹದ ಬದಲು ಬೇರೆಯೇ ಬರೆಯಬೇಕಾಗುತ್ತಿತ್ತು. ಕೊನೆಗೆ ಕಡಿದದ್ದು ಲೇಔಟಿನ ರಸ್ತೆಯನ್ನು.

ಬೆಳಗ್ಗೆ ನಾನು ಹೋದಾಗ ನೀರು ತನ್ನ ಹಳೆಯ ಪಾತ್ರದಲ್ಲಿತ್ತು. ಹಳೆಯ ಟಿಪ್ಪಣಿಯಲ್ಲಿ ಹಳ್ಳದ ಅಗಲ ಒಂದು ಸಾಖಳಿ ಹನ್ನೆರಡು ಆಣೆ ಎಂದಿದೆ. ನಮ್ಮ ಹಳೆಯ ಮುಂಬಯಿ ಸೀಮೆಯ ಸಾಖಳಿ, ಅಂದರೆ ಅಳತೆಯ ಸರಪಳಿ, 33 ಅಡಿಯದು, ಅದಕ್ಕೆ ಹದಿನಾರು ಆಣೆ. ಸಾಖಳಿ ಉದ್ದ, ಸಾಖಳಿ ಅಗಲದ ಚೌಕವೇ ಒಂದು ಗುಂಟೆ. ಲೆಕ್ಕ ಹಾಕಿದರೆ ಹಳ್ಳದ ಅಗಲ 58 ಅಡಿಗೆ ಎರಡು-ಮೂರು ಅಂಗುಲ ಕಡಿಮೆ. ನೀರಿನ ಎರಡೂ ದಡಕ್ಕೆ ಟೇಪು ಹಿಡಿದೆ. 61 ಅಡಿ ಬಂತು. ಸಾಖಳಿ ಎಳೆದ ಆ ಮೋಜಣಿದಾರ ಯಾವ ಬೇಸಿಗೆಯಲ್ಲಿ ಬಂದಿದ್ದನೋ, ಅವನಿಗೆ ಹಳ್ಳ ಕಂಡಿತ್ತು.

ಕುರುಬರ ಓಣಿಯ ಒಬ್ಬ ಅಜ್ಜ ಕೋಲೂರಿ ನಿಂತಿದ್ದ. ನನ್ನನ್ನು ಗುರುತು ಹಿಡಿದ. "ತಮ್ಮಾ, ಕೆರಿಗೆ ದಾರಿ ಎರಡ. ಒಂದ ಉಣ್ಣಾಕ, ಇನ್ನೊಂದ ಯಾವದಂತ ನಿನಗ ಗೊತ್ತೈತಿ. ಎರಡೂ ಮುಚ್ಚೀರಿ. ಹೊಟ್ಟಿ ಉಬ್ಬದ ಏನ ಮಾಡೀತು?"

ಎರಡು ಮನೆಗಳಲ್ಲಿ ಒಂದು ನಿವೃತ್ತ ಸೈನಿಕರದು. ಇನ್ನೊಂದು ಬಾಗಲಕೋಟೆ ಕಡೆಯ ಮುಳುಗಡೆ ಊರಿನಿಂದ ಬಂದ ಒಬ್ಬ ತಾಯಿಯದು. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಹೋಗಿ, ಪರಿಹಾರದ ದುಡ್ಡು ಎಲ್ಲೆಲ್ಲೋ ಕರಗಿ, ಉಳಿದದ್ದರಲ್ಲಿ ಮಗಳ ಊರಿನ ಹತ್ತಿರ ಈ ಪ್ಲಾಟು ಕೊಂಡಿದ್ದರು. ಒಲೆಯ ಮುಂದಿನ ಕೆಸರು ಬಳಿಯುತ್ತ ಅವರು ಹೇಳಿದ್ದು ಒಂದೇ ಮಾತು. "ಕೃಷ್ಣವ್ವ ನಮ್ಮ ಬೆನ್ನ ಬಿಡವಲ್ಲಳು ನೋಡ್ರಿ ಅಣ್ಣಾರ." ಕೆರೆಯಲ್ಲಿದ್ದದ್ದು ಆಲಮಟ್ಟಿಯ ನೀರೇ ಆಗಿತ್ತು. ಆ ನಕ್ಷೆ ಮಾಡಿದವನು ನಾನು ಎಂದು ಅವರಿಗೆ ಅಂದು ಹೇಳಲಾಗಲಿಲ್ಲ. ಎರಡು ತಿಂಗಳ ಮೇಲೆ ಹೇಳಿದೆ. ಚಹಾ ಕೊಟ್ಟರು, ಏನೂ ಅನ್ನಲಿಲ್ಲ.

ಅಂಚು ಎಲ್ಲಿದೆ?

ಕೆರೆ ಉಳಿಸುವ ಮಾತು ಬಂದಾಗಲೆಲ್ಲ ಮೊದಲು ಕಾನೂನು ಏನು ಹೇಳುತ್ತದೆ ಎಂದು ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ. ಕೆರೆಯಂಚಿನಿಂದ 30 ಮೀಟರ್ ಬಿಡಬೇಕೆಂಬ ನಿಯಮ ಬಹಳ ಜನರಿಗೆ ಗೊತ್ತಿದೆ. ಕೆರೆಯ ವಿಸ್ತೀರ್ಣ ನೋಡಿ ಈ ಅಂಚನ್ನು ಹೆಚ್ಚು-ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಎಂಬುದು ಅದರ ತಿರುಳು. ನನಗೆ ಇದು ಒಪ್ಪಿಗೆಯಿಲ್ಲ. ನಮ್ಮಂಥ ಕಡೆ ಸಣ್ಣ ಕೆರೆಯೇ ಬೇಗ ತುಂಬಿ ಬೇಗ ಕೋಡಿ ಬೀಳುವುದು.

ಕೇಂದ್ರದ 2017ರ ಜೌಗುಭೂಮಿ ನಿಯಮಗಳನ್ನು ಊರಿನ ಮಾಸ್ತರೊಬ್ಬರು ಉತ್ಸಾಹದಿಂದ ತಂದರು. ಓದಿದ ಮೇಲೆ ಇಬ್ಬರಿಗೂ ಮುಖ ಸಣ್ಣಗಾಯಿತು. ಕುಡಿಯುವ ನೀರಿಗೆ ಇಲ್ಲವೇ ನೀರಾವರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಆ ನಿಯಮದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ವಿಜಯಪುರ ಜಿಲ್ಲೆಯಲ್ಲಿ ಮನುಷ್ಯರು ಕಟ್ಟದ ಕೆರೆ ಯಾವುದಿದೆ? ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜನ ಕಟ್ಟಿದ ನೀರಾವರಿ ಕೆರೆಯೇ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ದೆಸೆಯಿಂದ 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಕೆರೆಗೆ ಬರುವುದು ಬೆಳ್ಳಕ್ಕಿ, ನೀರುಕಾಗೆ, ಮಾಸ್ತರರಿಗೂ ಹೆಸರು ಗೊತ್ತಿಲ್ಲದ ಒಂದಿಷ್ಟು ಬಾತು. ಪಟ್ಟಿಗೆ ಸೇರುವ ಅಂದ ನಮ್ಮದಕ್ಕಿಲ್ಲ.

ಅಳೆಯುವವನಾಗಿ ನನಗೆ ಕಂಡ ತೊಡಕು ಬೇರೆ. 30 ಮೀಟರ್ ಎಂದರೆ ಎಲ್ಲಿಂದ 30 ಮೀಟರ್? ಬರಗಾಲದ ಮೇ ತಿಂಗಳಲ್ಲಿ ನೀರು ಕೆರೆಯ ನಡುವಿನ ಗುಂಡಿಗೆ ಇಳಿದಿರುತ್ತದೆ. ಜಮೀನಿನವರು ಅಲ್ಲಿಂದ ಹೆಜ್ಜೆ ಎಣಿಸಿ "ಬೇಕಾದಷ್ಟ ದೂರ ಐತಲ್ರಿ" ಎನ್ನುತ್ತಾರೆ. ಅಂಚು ಎಂದರೆ ತುಂಬಿದ ಮಟ್ಟದ ಗೆರೆ. ಕೋಡಿ ಕಲ್ಲಿನ ಎತ್ತರವನ್ನು ಹಿಡಿದು ಕೆರೆ ಸುತ್ತ ಮಟ್ಟ ತೆಗೆದರೆ ಮಾತ್ರ ಆ ಗೆರೆ ಸಿಗುತ್ತದೆ. ಕಂದಾಯ ನಕ್ಷೆಯ ಸರ್ವೆ ನಂಬರಿನ ಹದ್ದು ಕೆಲವು ಕಡೆ ಆ ಗೆರೆಗಿಂತ ಒಳಗಿದೆ, ಕೆಲವು ಕಡೆ ಹೊರಗೆ. 2021ರ ಜನವರಿಯಲ್ಲಿ ನಾವು ನಾಲ್ಕು ಜನ ಲೆವೆಲ್ ಯಂತ್ರ ಇಟ್ಟು ಆರು ದಿನ ಕೆರೆ ಸುತ್ತಿದೆವು, ಗೆರೆಯ ಮೇಲೆ ಸುಣ್ಣ ಬಳಿದ ಕಲ್ಲು ನೆಟ್ಟೆವು. ಕೂಲಿ ಯಾರೂ ಕೇಳಲಿಲ್ಲ. ಮಧ್ಯಾಹ್ನದ ಬುತ್ತಿ ದಿನಕ್ಕೊಂದು ಮನೆಯದು. ಹೀಗೆ ನೆಟ್ಟ ಕಲ್ಲಿಗೆ ಕಾನೂನಿನ ಬೆಲೆ ಇಲ್ಲ. ಆದರೂ ಫಾರ್ಮ್‌ಹೌಸ್ ಪ್ಲಾಟಿನ ಎಂಟು ಗುಂಟೆ ಕೆರೆಯೊಳಗಿದೆ ಎಂದು ಊರಿಗೆಲ್ಲ ಕಣ್ಣಾರೆ ಕಂಡದ್ದು ಆ ಕಲ್ಲುಗಳಿಂದ.

ಮೂರು ಕಚೇರಿ, ಒಂದು ಬೇವಿನ ಮರ

ನೀರು ಎತ್ತುವವರು ಒಂದು ಇಲಾಖೆ, ಕೆರೆಯ ಒಡೆತನ ಇನ್ನೊಂದಕ್ಕೆ, ಪ್ಲಾಟಿಗೆ ಪರವಾನಗಿ ಕೊಡುವವರು ಮತ್ತೊಬ್ಬರು. ಅರ್ಜಿ ಹಿಡಿದು ತಿರುಗಿದ ಕಥೆಯನ್ನು ಬಿಡುತ್ತೇನೆ, ಓದುವವರಿಗೆಲ್ಲ ತಮ್ಮ ತಮ್ಮ ಕಥೆ ಗೊತ್ತಿದೆ. ಕೆಲಸ ಆದದ್ದು ಹನುಮಪ್ಪನ ಗುಡಿಯ ಮುಂದಿನ ಬೇವಿನ ಮರದಡಿ, ಐದು ಸಭೆಗಳಲ್ಲಿ.

ಕೆರೆಯ ಕೆಳಗಿನ ಹೊಲದವರು ಕೆರೆ ಯಾವಾಗಲೂ ತುಂಬಿರಲಿ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ತೀರ ಕೆಳಗಿನ ಎರಿ ಹೊಲಗಳಲ್ಲಿ ವರ್ಷವಿಡೀ ತೇವ ನಿಂತು, ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪುಡಿ ಏಳತೊಡಗಿತ್ತು. ಸವಳು-ಜವಳು. ಅವರಿಗೆ ಕೆರೆ ಇಳಿಯುವುದೂ ಬೇಕಿತ್ತು. ಕುರಿಯವರಿಗೆ ಬೇಕಾದದ್ದು ನೀರು ಹಿಂದೆ ಸರಿದಂತೆ ಬಿಚ್ಚಿಕೊಳ್ಳುವ ಅಂಗಳದ ಹಸಿರು. ಮೀನಿನ ಟೆಂಡರು ಹಿಡಿದವನಿಗೆ ನೀರು ಇಳಿಯುವುದೇ ಬೇಡ. ಪ್ಲಾಟಿನವರಿಗೆ ತಮ್ಮ ದುಡ್ಡು ಮುಳುಗಬಾರದು. ಆ ಆರು ಪ್ಲಾಟಿನವರನ್ನು ಒತ್ತುವರಿದಾರರು ಎಂದು ಕರೆದವನ ಮೇಲೆ ನಾನೇ ಎದ್ದು ಮಾತಾಡಿದೆ. ಅವರು ಕೊಂಡದ್ದು ಸರ್ಕಾರದ ಮೊಹರಿನ ಕಾಗದ ನೋಡಿ, ಆ ಕಾಗದದ ಬುಡದಲ್ಲಿ ನನ್ನ ಷರಾ ಇತ್ತು.

ಇದರ ನಡುವೆ ಪಂಚಾಯ್ತಿಯಿಂದ ಒಂದು ಯೋಜನೆ ಬಂತು: ಕೆರೆಯ ಸುತ್ತ ಕಾಂಕ್ರೀಟ್ ವಾಕಿಂಗ್ ಪಥ, ಪೇವರ್ ಕಲ್ಲು, ಲೈಟು, ಒಂದು ಸೆಲ್ಫಿ ಪಾಯಿಂಟ್. ಕೆರೆಯನ್ನು ಉಳಿಸಲಿಕ್ಕೇ ಇದು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅಂಗಳದ ಬದಿಗೆ ಗೋಡೆಯಂಥ ದಂಡೆ ಎದ್ದರೆ ಹಳ್ಳದ ನೀರು ಹೊರಗೇ ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ನೀರು ಒಮ್ಮೆಗೇ ಆಳವಾಗಿ, ಬೆಳ್ಳಕ್ಕಿ ಕಾಲೂರಿ ನಿಲ್ಲುವ ತೆಳುನೀರು ಹೋಗುತ್ತದೆ. ಮೇಲಿಂದ ಬಂದ ಹೂಳನ್ನು ಹುಲ್ಲು, ಆಪು ತಡೆದು ನಿಲ್ಲಿಸುವುದೂ ಆ ತೆಳು ಅಂಚಿನಲ್ಲೇ. ಜನವರಿಯಲ್ಲಿ ಹಸಿ ಹೂಳಿನ ಮೇಲೆ ಕಡಲೆ ಚೆಲ್ಲಿಕೊಳ್ಳುವ ಐದಾರು ಮನೆಗಳ ಬದುಕೂ ಅಲ್ಲೇ. ಇಷ್ಟೆಲ್ಲ ಹೇಳಿದ ಮೇಲೂ ಸಭೆ ಒಪ್ಪಲಿಲ್ಲ. ಒಪ್ಪಿಸಿದ್ದು ಒಬ್ಬ ಹೆಣ್ಣುಮಗಳು: "ಎಮ್ಮಿ ಇಳೀಲಿಕ್ಕೆ ದಾರಿ ಎಲ್ಲಿ ಬಿಟ್ಟೀರಿ?" ನಕ್ಷೆಯಲ್ಲಿ ಎಮ್ಮೆಗೆ ದಾರಿ ಇರಲಿಲ್ಲ. ಪಥ ಒಡ್ಡಿನ ಮೇಲೆ ಮಾತ್ರ ಎಂದು ತೀರ್ಮಾನವಾಯಿತು. ಲೈಟು ಬಂದವು. ಸೆಲ್ಫಿ ಪಾಯಿಂಟೂ ಬಂತು, ಇರಲಿ.

ಕೋಡಿಹಳ್ಳದ ವಿಷಯದಲ್ಲಿ ಸಿಕ್ಕದ್ದು ಅರ್ಧ. ಖಾಲಿ ಇದ್ದ ನಾಲ್ಕು ಪ್ಲಾಟಿನವರಿಗೆ ಲೇಔಟಿನವರು ಮೇಲಿನ ಸಾಲಿನಲ್ಲಿ ಮಾರದೆ ಉಳಿದಿದ್ದ ಜಾಗ ಬದಲಿ ಕೊಟ್ಟರು. ಸುಮ್ಮನೆ ಕೊಡಲಿಲ್ಲ, ಮತ್ತೊಂದು ಮಳೆಗಾಲ ಹತ್ತಿರ ಬಂದಾಗ ಕೊಟ್ಟರು. ರಸ್ತೆಯಡಿಯ ಎರಡು ಪೈಪು ಕಿತ್ತು ಮೂರು ಕಣ್ಣಿನ ಸ್ಲ್ಯಾಬ್ ಮೋರಿ ಬಂತು. ಎರಡು ಮನೆಗಳು ಅಲ್ಲೇ ಉಳಿದವು. ಅವುಗಳ ಪಕ್ಕದಲ್ಲಿ ಕಲ್ಲಿನ ಗೋಡೆ ಕಟ್ಟಿ ಹಳ್ಳವನ್ನು ಬಾಗಿಸಿದ್ದಾರೆ. ಅಲ್ಲಿ ಹಳ್ಳ 58 ಅಡಿ ಇಲ್ಲ, 40 ಇದೆ. ನೀರಿಗೆ ತಿರುವು ಹಿಡಿಸುವುದಿಲ್ಲ, ಆ ಗೋಡೆಯ ಬುಡ ಒಂದಲ್ಲ ಒಂದು ವರ್ಷ ಕೊರೆಯುತ್ತದೆ ಎಂದು ಬರೆದುಕೊಟ್ಟಿದ್ದೇನೆ. ಈ ಸಲ ಷರಾದಲ್ಲಿ ಕಂಡದ್ದನ್ನಷ್ಟೇ ಅಲ್ಲ, ಕಾಣಬಹುದಾದ್ದನ್ನೂ ಬರೆದೆ.

ಕೆಂಪು ಗೆರೆ

ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ಗಳಿಕೆ ಎಂದರೆ ಅರ್ಧ ಡಬ್ಬಿ ಕೆಂಪು ಬಣ್ಣ. ತೂಬಿನ ಕಂಬದ ಮೇಲೆ, ಕೋಡಿ ಮಟ್ಟಕ್ಕಿಂತ ನಾಲ್ಕು ಅಡಿ ಕೆಳಗೆ, ಒಂದು ಗೆರೆ ಎಳೆದಿದ್ದೇವೆ. ಚಿತ್ತಿ ಮಳೆ ಮುಗಿಯುವವರೆಗೆ, ಅಂದರೆ ಅಕ್ಟೋಬರ್ 23ರ ಸುಮಾರಿಗೆ, ಪೈಪಿನ ನೀರು ಆ ಗೆರೆ ದಾಟಬಾರದು. ಆಮೇಲೆ ಬೇಕಾದರೆ ತುಂಬಿಸಲಿ.

ಹೇಳುವುದು ಸುಲಭ. ಅಕ್ಟೋಬರ್ ಕೊನೆಯಲ್ಲಿ ನಮ್ಮ ಪಾಳಿ ಬರುತ್ತದೆಂಬ ಖಾತರಿ ಏನು? ಪಕ್ಕದ ಊರಿನ ಕೆರೆ ಭರ್ತಿ ಕಾಣುವಾಗ ನಮ್ಮದು ನಾಲ್ಕು ಅಡಿ ಕಡಿಮೆ ಇಟ್ಟುಕೊಂಡು ಕೂತರೆ ಊರಲ್ಲಿ ಬೈಗುಳ ತಪ್ಪುವುದಿಲ್ಲ. ಈ ಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಎರಡು ಮೀಟರಿನ ಆಸುಪಾಸು ಆವಿಯಾಗುತ್ತದೆ. ಆಗಸ್ಟಿನಲ್ಲೇ ತುಂಬಿಸಿಟ್ಟದ್ದರಲ್ಲಿ ಒಂದು ಪಾಲು ಹೇಗಿದ್ದರೂ ಮೋಡಕ್ಕೇ ಹೋಗುವುದು ಎಂಬ ವಾದ ಕೆಲವರಿಗೆ ಒಪ್ಪಿಗೆಯಾಯಿತು, ಹಲವರಿಗೆ ಆಗಲಿಲ್ಲ. 2021, 2022ರಲ್ಲಿ ಪಂಪಿನ ಕಡೆಯವರು ಗೆರೆ ಪಾಲಿಸಿದರು. ಬರವಣಿಗೆಯ ಆದೇಶದಿಂದಲ್ಲ, ಅಲ್ಲಿ ಡ್ಯೂಟಿಯ ಮೇಲಿದ್ದ ಹುಡುಗ ನಮ್ಮೂರ ಅಳಿಯ.

2023 ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ಪೈಪಿನ ನೀರು ಗೆರೆಯವರೆಗೂ ಬರಲಿಲ್ಲ. ಗೆರೆ ಎಳೆದ ನಮ್ಮನ್ನು ಬೈದವರಿದ್ದರು, ಗೆರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಸೆಪ್ಟೆಂಬರಿನಲ್ಲಿ ಎರಡೇ ಎರಡು ಗಟ್ಟಿ ಮಳೆ ಬಿದ್ದವು. ದೊಡ್ಡಹಳ್ಳ ಎರಡೂ ಸಲ ಕೆಂಪಗೆ ಹರಿದು ಕೆರೆಗೆ ಬಂತು. ಜಾಲಿಹಳ್ಳದ ನೀರು ಫಾರ್ಮ್‌ಹೌಸಿನ ಗರಸಿನ ದಿಬ್ಬಕ್ಕೆ ತಗುಲಿ, ಪಕ್ಕದ ಹೊಲ ಕೊರೆದು, ಡಾಂಬರು ರಸ್ತೆಯ ಗಟಾರ ಹಿಡಿದು ಕೆರೆಯ ಹೊರಗಿಂದಲೇ ಡೋಣಿ ದಾರಿ ಹಿಡಿಯಿತು. ಬರಗಾಲದಲ್ಲಿ ಬಂದ ನೀರನ್ನು ಊರು ನಿಂತು ನೋಡಿತು. 2020ರಲ್ಲಿ ಹೋಗಲು ದಾರಿಯಿಲ್ಲದೆ ಕೆಟ್ಟೆವು, 2023ರಲ್ಲಿ ಬರಲು ದಾರಿಯಿಲ್ಲದೆ. "ಹಳ್ಳ ತಗೊಂಡ ಏನ ಮಾಡ್ತೀರಿ" ಎಂದಿದ್ದ ಸದಸ್ಯರು ಆ ದಿನ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ದ್ರಾಕ್ಷಿಗೆ ಆ ಬೇಸಿಗೆಯಲ್ಲಿ ಮತ್ತೆ ಟ್ಯಾಂಕರ್ ಬಂತು.

ಪೈಪಿನ ಇನ್ನೊಂದು ತುದಿಯೂ ಅಲುಗಾಡುತ್ತಿದೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ನೀರು ಹೆಚ್ಚು ಸಿಕ್ಕರೆ ನಮ್ಮಂಥ ಕೆರೆಗಳಿಗೆ ಪಾಲು ಹೆಚ್ಚೀತು. ಅದಕ್ಕಾಗಿ ಆ ತಾಯಿಯಂಥವರು ಇನ್ನೆಷ್ಟು ಜನ ಎದ್ದು ಬರಬೇಕು ಎಂಬ ಲೆಕ್ಕವೂ ಅದರ ಜೊತೆಗಿದೆ. ಮಡ್ಡಿಯ ಮೇಲೆ ಬಿಟ್ಟಿ ಬಿದ್ದ ನೀರನ್ನು ಗಟಾರಕ್ಕೆ ಬಿಟ್ಟು, ಬೇರೆಯವರ ಊರು ಮುಳುಗಿಸಿದ ನೀರಿಗೆ ಕೈಯೊಡ್ಡುವಾಗ ನನಗೆ ಮುಜುಗರವಾಗುತ್ತದೆ.

ಜಾಲಿಹಳ್ಳದ ತಂಟೆ ಕೋರ್ಟಿನಲ್ಲಿದೆ. ಫಾರ್ಮ್‌ಹೌಸಿನವರ ವಕೀಲರು ಹಾಜರುಪಡಿಸಿದ ಕಾಗದಗಳಲ್ಲಿ ಕೋಡಿಹಳ್ಳದ ನನ್ನ 2016ರ ನಕ್ಷೆಯ ನಕಲೂ ಇದೆ: ಇದೇ ಊರಿನ ಇನ್ನೊಂದು ಹಳ್ಳವೂ ಸ್ಥಳದಲ್ಲಿ ಕಂಡುಬಂದಿಲ್ಲವೆಂದು ಭೂಮಾಪಕರೇ ಬರೆದಿದ್ದಾರೆ, ನೋಡಿ, ಎಂದು. ನನ್ನನ್ನು ಸಾಕ್ಷಿಯಾಗಿ ಕರೆದಿದ್ದಾರೆ. ಕುರುಬರ ಅಜ್ಜನೂ ಬರುತ್ತೇನೆ ಎಂದಿದ್ದಾನೆ. ಮೋಜಣಿಗೆ ಕೊಟ್ಟ ತಾರೀಖು ಮತ್ತೆ ಮೇ ತಿಂಗಳಿನದೇ. ಹಸ್ತ ಮಳೆಯ ದಿನಗಳಲ್ಲಿ ಅಳೆಯಲು ಅಪ್ಪಣೆ ಕೊಡಿ ಎಂದು ಅರ್ಜಿ ಹಾಕಿದ್ದೇನೆ.